ದಿನಸಿ ಚೀಟಿ ಹಿಡಿದು ಮನೆಯ ಸಸ್ಯಾಹಾರ ಸರಿಮಾಡಿಕೊಳ್ಳುವುದು ಹೇಗೆ

ಶಿವಮೊಗ್ಗದ ವಿನೋಬನಗರ, ಗೋಪಾಳದ ಕಡೆ ಮನೆ ಮಾಡಿಕೊಂಡ ಮಲೆನಾಡಿನ ಸಸ್ಯಾಹಾರಿ ಕುಟುಂಬಗಳ ಅಡುಗೆ ಇವತ್ತಿಗೂ ತೀರ್ಥಹಳ್ಳಿ, ಹೊಸನಗರ, ಸಾಗರದ್ದೇ. ಆದರೆ ಇಲ್ಲಿ ಕೊಟ್ಟಿಗೆ ಇಲ್ಲ, ಹಿತ್ತಲಲ್ಲಿ ಬಸಳೆ ಚಪ್ಪರ ಇಲ್ಲ, ದಿನಾ ತೋಟ ಹತ್ತಿಳಿಯುವ ಕೆಲಸವೂ ಇಲ್ಲ. ಸಾರಿಗೊಂದು ಸಲ, ಹುಳಿಗೊಂದು ಸಲ, ಮಜ್ಜಿಗೆಗೊಂದು ಸಲ ಬಡಿಸಿಕೊಳ್ಳುವ ಅನ್ನ ಮಾತ್ರ ಹಾಗೇ ಉಳಿದಿದೆ. ಸೊಂಟದ ಸುತ್ತಳತೆ, ಸಕ್ಕರೆ ಕಾಯಿಲೆ, ಸುಮ್ಮನೆ ಸುಸ್ತು ಅನ್ನುವ ದೂರು ಬಂದಾಗ ಮೊದಲು ನೋಡಬೇಕಾದ ಕಾಗದ ತಿಂಗಳ ದಿನಸಿ ಚೀಟಿ. ತಟ್ಟೆಯಲ್ಲಿ ಏನಿತ್ತು ಅಂತ ನೆನಪು ಮಾಡಿಕೊಂಡು ಹೇಳುವಾಗ ಎಲ್ಲರೂ ಸ್ವಲ್ಪ ಸುಳ್ಳು ಹೇಳುತ್ತೇವೆ. ಅಂಗಡಿ ಲೆಕ್ಕ ಹೇಳುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿಯ ಊಟಕ್ಕೆ ಅಳತೆ ಕೊಟ್ಟಿದೆ: ಅಕ್ಕಿ-ಗೋಧಿ-ರಾಗಿ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ. ಎಲ್ಲ ಬೇಯಿಸುವ ಮೊದಲಿನ ತೂಕ. ನಾಲ್ಕು ಜನ ದೊಡ್ಡವರಿರುವ ಮನೆಗೆ 30 ದಿನಕ್ಕೆ ಗುಣಿಸಿ ನೋಡಿ:

ಧಾನ್ಯ ಎಲ್ಲ ಸೇರಿ 30 ಕೆ.ಜಿ.
ಬೇಳೆಕಾಳು 10 ಕೆ.ಜಿ.
ಹಾಲು 36 ಲೀಟರ್, ಅಂದರೆ ದಿನಕ್ಕೆ 1.2 ಲೀಟರ್
ಎಣ್ಣೆ-ತುಪ್ಪ 3.2 ಕೆ.ಜಿ.
ಉಪ್ಪು 600 ಗ್ರಾಂ
ಸಕ್ಕರೆ ಬೆಲ್ಲ ಹೆಚ್ಚೆಂದರೆ 3 ಕೆ.ಜಿ.

ಚೀಟಿ ಪಕ್ಕದಲ್ಲಿಟ್ಟು ಹೋಲಿಸಿ. ಬಹಳ ಮನೆಗಳಲ್ಲಿ ತಪ್ಪು ಎರಡನೇ ಸಾಲಿನಲ್ಲೇ ಸಿಗುತ್ತದೆ. ತೊಗರಿಬೇಳೆ ಎರಡು ಕೆ.ಜಿ., ಉದ್ದು ಒಂದು, ಹೆಸರು ಕಡಲೆ ಅರ್ಧರ್ಧ, ಅಲ್ಲಿಗೆ ಮುಗಿಯಿತು. ಬೇಕಾದ ಅರ್ಧವೂ ಇಲ್ಲ.

ಚೀಟಿಯಲ್ಲಿ ಕಾಣದ ಲೆಕ್ಕವೂ ಒಂದಿದೆ, ಊರಿಂದ ಬರುವ ಚೀಲ. ತೆಂಗಿನಕಾಯಿ, ಜೋನಿಬೆಲ್ಲ, ತುಪ್ಪ, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಇವಕ್ಕೆಲ್ಲ ದುಡ್ಡು ಕೊಟ್ಟಿರುವುದಿಲ್ಲ, ಹಾಗಾಗಿ ಲೆಕ್ಕಕ್ಕೂ ಬಂದಿರುವುದಿಲ್ಲ. ಹಸಿ ಕಾಯಿತುರಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬು. ಉಪ್ಪು ಪ್ಯಾಕೆಟ್ ಒಂದೇ ಖರ್ಚಾಯಿತು ಅಂತ ಸಮಾಧಾನಪಡುವ ಮನೆಯಲ್ಲಿ ಮಿಡಿ ಜಾಡಿಯ ಉಪ್ಪು ಬೇರೆಯೇ ಇರುತ್ತದೆ. ಬಿ.ಪಿ. ಇರುವವರು ಊಟಕ್ಕೊಂದು ಮಿಡಿ ಅನ್ನುವುದನ್ನು ವಾರಕ್ಕೊಂದೆರಡಕ್ಕೆ ಇಳಿಸಬೇಕು, ಅದರ ರಸವನ್ನು ಮಜ್ಜಿಗೆ ಅನ್ನಕ್ಕೆ ಕಲಸುವುದನ್ನು ಬಿಡಬೇಕು.

ಈಗ ಬೇಳೆಯ ವಿಷಯ. ತಿಳಿಸಾರಿಗೆ ಒಂದು ಹಿಡಿ, ಅಂದರೆ 50 ಗ್ರಾಂ ತೊಗರಿಬೇಳೆ ಹಾಕಿ ನಾಲ್ಕು ಜನ ಉಂಡರೆ ತಲೆಗೆ ಸಿಗುವ ಪ್ರೋಟೀನು ಮೂರು ಗ್ರಾಮಿಗೂ ಕಮ್ಮಿ. 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ ಸುಮಾರು 54 ಗ್ರಾಂ ಬೇಕು, 55 ಕೆ.ಜಿ.ಯ ಹೆಂಗಸಿಗೆ ಸುಮಾರು 46. ಸಾರನ್ನು ಬಿಡಬೇಕಿಲ್ಲ, ಅದನ್ನು ಬೇಳೆಯ ಬಾಬ್ತಿಗೆ ಸೇರಿಸಬೇಡಿ ಅಷ್ಟೆ. ನಾಲ್ಕು ಜನರ ಒಂದು ದಿನದ 340 ಗ್ರಾಂ ಹೀಗೆ ಹಂಚಬಹುದು: ಮಧ್ಯಾಹ್ನದ ಹುಳಿಗೆ 160 ಗ್ರಾಂ ಬೇಳೆ, ಬೆಳಗಿನ ದೋಸೆಗೆ 360 ಗ್ರಾಂ ಅಕ್ಕಿಯ ಜೊತೆ 120 ಗ್ರಾಂ ಉದ್ದು, ಕೋಸಂಬರಿಗೆ 60 ಗ್ರಾಂ ಹೆಸರುಬೇಳೆ. ತೆಳ್ಳೇವು (ಬರೀ ಅಕ್ಕಿಯ ತೆಳು ದೋಸೆ), ಅವಲಕ್ಕಿ, ಉಪ್ಪಿಟ್ಟು ಮಾಡಿದ ದಿನ ಉದ್ದಿನ ಪಾಲು ತಪ್ಪಿಹೋಗುತ್ತದೆ. ಆವತ್ತು ಸಂಜೆ ಚಕ್ಕುಲಿ ಡಬ್ಬ ತೆಗೆಯುವ ಬದಲು 120 ಗ್ರಾಂ ಕಡಲೆ ಅಥವಾ ಅಲಸಂದೆ ನೆನೆಸಿ ಉಸಲಿ ಮಾಡಿ. ಒಂದು ಸಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಯಾವ ಲೋಟಕ್ಕೆ ಎಷ್ಟು ಹಿಡಿಯುತ್ತದೆ ಅಂತ ಗುರುತು ಹಾಕಿಕೊಂಡರೆ ಆಮೇಲೆ ತೂಗುವ ಗೋಜಿಲ್ಲ.

ಹುರುಳಿಯಲ್ಲಿ ಒಂದು ನಷ್ಟ ನಡೆಯುತ್ತಲೇ ಇರುತ್ತದೆ. ಕಟ್ಟು ಬಸಿದು ಸಾರು ಮಾಡುತ್ತಾರೆ, ಬೆಂದ ಕಾಳು ಮೂಲೆ ಸೇರುತ್ತದೆ. ಊರಲ್ಲಾದರೆ ದನಕ್ಕಾದರೂ ಆಗುತ್ತಿತ್ತು. ಪ್ರೋಟೀನಿನ ಹೆಚ್ಚಿನ ಪಾಲು ಉಳಿಯುವುದು ಕಾಳಿನಲ್ಲೇ. ರಾತ್ರಿ ನೆನೆಸಿದ 200 ಗ್ರಾಂ ಹುರುಳಿಯನ್ನು ಕುಕ್ಕರಿನಲ್ಲಿ ಐದಾರು ಸೀಟಿ ಬೇಯಿಸಿ, ಒಂದು ಹಿಡಿ ಕಾಳನ್ನು ನುಣ್ಣಗೆ ರುಬ್ಬಿ ಕಟ್ಟಿಗೇ ಸೇರಿಸಿ, ಉಳಿದದ್ದಕ್ಕೆ ಈರುಳ್ಳಿ ಅಥವಾ ಕಾಯಿ ಹಾಕಿ ಪಲ್ಯ ಮಾಡಿ. ಸಾರೂ ಗಟ್ಟಿ ಬರುತ್ತದೆ.

ಕಾಳು ಜಾಸ್ತಿ ಮಾಡಿದ ವಾರವೇ "ವಾಯು ಆಗುತ್ತೆ, ಬೇಡ" ಅನ್ನುವ ಮಾತು ಬರುತ್ತದೆ. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿಯ ಬ್ಯಾಕ್ಟೀರಿಯಾಗಳಿಂದ ಹುದುಗಿ ಅನಿಲವಾಗುತ್ತವೆ. ನೆನೆಸಿದ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿದರೆ ಸ್ವಲ್ಪ ತಗ್ಗುತ್ತದೆ. ಒಂದೇ ಸಲ ಇಮ್ಮಡಿ ಮಾಡದೆ ವಾರಕ್ಕೆ ಇಷ್ಟಿಷ್ಟು ಏರಿಸಿ. ಒಂದು ತಿಂಗಳಲ್ಲಿ ಹೊಟ್ಟೆ ಒಗ್ಗಿಕೊಳ್ಳುತ್ತದೆ.

ಮಳೆಗಾಲದಲ್ಲಿ ಮೊಳಕೆ ಕಟ್ಟುವುದು ಇಲ್ಲಿಯವರ ಇನ್ನೊಂದು ತಲೆನೋವು. ಜುಲೈ ತಿಂಗಳ ಥಂಡಿಗೆ ಮೊಳಕೆ ನಿಧಾನ, ಬಟ್ಟೆ ಒಣಗುವುದೇ ಇಲ್ಲ, ಕಾಳು ಮೊಳೆಯುವ ಮೊದಲೇ ಲೋಳೆ ಬಂದು ನಾರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಎಂಟು ಗಂಟೆ ನೆನೆಸಿ, ಜರಡಿಯಲ್ಲಿ ಅರ್ಧ ಗಂಟೆ ಪೂರ್ತಿ ಸೋರಿಸಿ, ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಒಲೆಯ ಹತ್ತಿರ ಇಡಿ. ಹನ್ನೆರಡು ಗಂಟೆಗೊಮ್ಮೆ ತೊಳೆದು ಮತ್ತೆ ಸೋರಿಸಿ. ವಾಸನೆ ಬಂದರೆ ಎಸೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿ ಮೊಳಕೆ ಬೇಡವೇ ಬೇಡ, ಬೇಯಿಸಿಯೇ ತಿನ್ನಿ.

ಸೊಪ್ಪಿನ ವಿಷಯದಲ್ಲಿ ನಮ್ಮ ಪ್ರೀತಿಯ ತಂಬುಳಿಯೇ ಮೋಸ ಮಾಡುತ್ತದೆ. ಹತ್ತು ಒಂದೆಲಗ, ಒಂದು ಹಿಡಿ ಕಾಯಿ, ಉಳಿದದ್ದು ನೀರು ಮಜ್ಜಿಗೆ. ರುಚಿಗೆ, ಬೇಸಿಗೆಗೆ ಅದಕ್ಕೆ ಸಮನಿಲ್ಲ. ಆದರೆ ಅದನ್ನು ಆ ದಿನದ ಸೊಪ್ಪೂ ಅಂತಲೂ, ಹಾಲೂ ಅಂತಲೂ ಎರಡು ಸಲ ಎಣಿಸಿಬಿಡುತ್ತೇವೆ. ಗಾಂಧಿ ಬಜಾರಿನಿಂದ ಹರಿವೆ, ಬಸಳೆ, ನುಗ್ಗೆಸೊಪ್ಪು ತಂದು ತಲೆಗೆ 100 ಗ್ರಾಂ ಬೀಳುವಂತೆ ಪಲ್ಯ ಅಥವಾ ಕಾಯಿ-ಸಾಸಿವೆ ರುಬ್ಬಿ ಮೊಸರು ಬೆರೆಸುವ ಸಾಸಿವೆ ಮಾಡಿ. ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಜೊತೆಗೆ ಸಿ ಜೀವಸತ್ವ ಇರಬೇಕು. ನಿಂಬೆಹುಳಿಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ಆ ಸತ್ವ ಕೆಡುತ್ತದೆ. ಊಟದ ಹಿಂದೆಯೇ ಕುಡಿಯುವ ಕಾಫಿ, ಟೀ ಕಬ್ಬಿಣಾಂಶ ಹೀರುವುದನ್ನು ತಡೆಯುತ್ತವೆ, ಒಂದು ಗಂಟೆ ತಡೆದು ಕುಡಿಯಿರಿ. ಕಬ್ಬಿಣದ ಬಾಣಲೆಯಲ್ಲಿ ಪಲ್ಯ ಮಾಡುವುದು ಒಳ್ಳೆಯದೇ, ಆದರೆ ಆದಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಹುಣಸೆಹುಳಿ ಬಿದ್ದದ್ದು ಅದರಲ್ಲೇ ಕೂತರೆ ಕಪ್ಪಾಗಿ ಕಿಲುಬು ರುಚಿ ಬರುತ್ತದೆ.

ಧಾನ್ಯದ 30 ಕೆ.ಜಿ.ಯಲ್ಲಿ ಐದಾರು ಕೆ.ಜಿ. ರಾಗಿಗೆ ಬಿಟ್ಟುಕೊಡಿ. ಬಯಲುಸೀಮೆಯವರದ್ದು ಅಂತ ಮೂಗು ಮುರಿಯುವವರೂ ಬೇಸಿಗೆಯಲ್ಲಿ ರಾಗಿನೀರು ಕುಡಿದೇ ಬೆಳೆದವರು. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ ಆಸುಪಾಸು ಸುಣ್ಣದಂಶ ಇದೆ, ಬಿಳಿ ಅಕ್ಕಿಯಲ್ಲಿ ಹತ್ತರ ಹತ್ತಿರ. ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ ಬಡಿಸಿಕೊಂಡು ಅರ್ಧ ತಿಂದು, ಆಮೇಲೆ ಅನ್ನಕ್ಕೆ ಕೈಹಾಕಿದರೆ ಮೂರನೇ ಸಲದ ಅನ್ನ ತಾನಾಗಿಯೇ ಕಮ್ಮಿಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಅಡುಗೆಮನೆಯಿಂದ ಪೂರ್ತಿ ಸರಿಮಾಡಲಾಗದ್ದು ಬಿ12 ಜೀವಸತ್ವ. ಗಿಡಮೂಲದ ಆಹಾರದಲ್ಲಿ ನಂಬಬಹುದಾದಷ್ಟು ಅದು ಇಲ್ಲ. ಹುದುಗಿಸಿದ ಇಡ್ಲಿಹಿಟ್ಟು, ಸ್ಪಿರುಲಿನಾ ಅನ್ನುವ ಪಾಚಿಯ ಮಾತ್ರೆಯಿಂದ ಸಿಗುತ್ತದೆ ಅನ್ನುವುದನ್ನು ನೆಚ್ಚಬೇಡಿ. 300 ಮಿ.ಲೀ. ಹಾಲಿನಿಂದ ಬರುವುದು ದಿನದ ಅಗತ್ಯದ ಅರ್ಧದ ಆಸುಪಾಸು. ಅಂಗಾಲು ಜುಮುಗುಡುವುದು, ನಾಲಿಗೆ ಉರಿ, ಮರೆವು, ಕಾರಣವಿಲ್ಲದ ಆಯಾಸ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಅಥವಾ ವರ್ಷಗಟ್ಟಲೆ ಆಸಿಡಿಟಿ ಮಾತ್ರೆ ನುಂಗುವ ಸಸ್ಯಾಹಾರಿಗಳು ಲಕ್ಷಣ ಇಲ್ಲದಿದ್ದರೂ ಡಾಕ್ಟರನ್ನು ಕೇಳಿ ಮಾಡಿಸುವುದು ಒಳ್ಳೆಯದು, ಆ ಔಷಧಗಳು ಬಿ12 ಹೀರುವುದನ್ನು ತಗ್ಗಿಸುತ್ತವೆ. ಪರೀಕ್ಷೆಗೆ ಮೊದಲೇ ಯಾರೋ ಹೇಳಿದರು ಅಂತ ಇಂಜೆಕ್ಷನ್ ಹಾಕಿಸಿಕೊಂಡರೆ ಅಂಕಿ ಏರಿ ಕೊರತೆ ಮುಚ್ಚಿಹೋಗುತ್ತದೆ. ಬರೀ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳುವುದೂ ತಪ್ಪು: ರಕ್ತಹೀನತೆ ವಾಸಿಯಾದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಮೂತ್ರಪಿಂಡದ ತೊಂದರೆ ಇರುವವರಿಗೆ ಮೇಲಿನ ಬೇಳೆಯ ಲೆಕ್ಕ ಅನ್ವಯಿಸುವುದಿಲ್ಲ. ಅವರ ಪಾಲು ಎಷ್ಟು ಅನ್ನುವುದನ್ನು ವೈದ್ಯರೇ ಹೇಳಬೇಕು.