ಸ್ಕೋರ್ ಬಿಡಿ, ಫೋನನ್ನು ಬಿಸಿಲಿಗೆ ಹಿಡಿಯಿರಿ
ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನನ್ನ ಮೊಬೈಲ್ ಅಂಗಡಿ. ಹುಡುಗರು ಬಂದವರೇ ಕೇಳುವುದು ಫೋನಿನ ವೇಗ ಅಳೆಯುವ ಆನ್‌ಟುಟು ಆಪ್‌ನಲ್ಲಿ ಸ್ಕೋರ್ ಎಷ್ಟು ಅಂತ. ಸ್ಕೋರ್ ಸುಳ್ಳಲ್ಲ. ಆದರೆ ಅದು ಕೆಲವೇ ನಿಮಿಷದ ಓಟ, ಅದೂ ಎಸಿ ರೂಮಿನಲ್ಲಿ ಓಡಿಸಿದ್ದಿರಬಹುದು. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಚಿಪ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ.

ನೀವು ಕೊಳ್ಳಬೇಕೆಂದಿರುವ ಮಾಡೆಲ್ ಗೆಳೆಯರ ಹತ್ತಿರ ಇದ್ದರೆ, ತ್ರೀಡಿಮಾರ್ಕ್ ಅನ್ನುವ ಟೆಸ್ಟ್ ಆಪ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಹಾಕಿ. ಒಂದೊಂದು ನಿಮಿಷದ 20 ಸುತ್ತು. ಕೊನೆಗೆ ಬರುವ ಸ್ಟೆಬಿಲಿಟಿ ನೋಡಿ. ಶೇ 60 ಅಂದ್ರೆ, ಅತಿ ಕೆಟ್ಟ ಸುತ್ತಿನ ಅಂಕ ಅತಿ ಒಳ್ಳೆಯ ಸುತ್ತಿನ ಶೇ 60 ಮಾತ್ರ. ಗೇಮ್ ಆಡುವಾಗ ತಡವರಿಸುತ್ತದೆ. ಹಾಗಂತ ಶೇ 99 ಕಂಡು ಕುಣಿಯಬೇಡಿ, ಅದು ವೇಗ ಎಷ್ಟು ಅಂತ ಹೇಳುವುದಿಲ್ಲ, ನಿಧಾನದ ಸಾದಾ ಚಿಪ್‌ಗೂ ಅಷ್ಟು ಬರುತ್ತದೆ.

ಆಮೇಲೆ ಅಂಗಡಿ ಹೊರಗೆ ಬಿಸಿಲಿಗೆ ಬಂದು ಕ್ಯಾಮೆರಾ ತೆರೆಯಿರಿ. ಸ್ಕ್ರೀನ್ ಕಾಣುತ್ತದಾ? ವಾಟ್ಸಾಪ್‌ನಲ್ಲಿ ಅರ್ಧ ಮೆಸೇಜ್ ಟೈಪ್ ಮಾಡಿ, ಯೂಟ್ಯೂಬ್, ಮ್ಯಾಪ್ ಸುತ್ತಿ ವಾಪಸ್ ಬನ್ನಿ. ಮತ್ತೆ ಮೊದಲಿನಿಂದ ಲೋಡ್ ಆದರೆ ರ್‍ಯಾಮ್ ಸಾಲುತ್ತಿಲ್ಲ ಅಂತ ಲೆಕ್ಕ. ಸ್ಟೋರೇಜ್ ವೇಗದ ಯುಎಫ್‌ಎಸ್ಸಾ, ನಿಧಾನದ ಇಎಂಎಂಸಿನಾ ಅಂತಲೂ ಕೇಳಿ. ಇಎಂಎಂಸಿ ಆದರೆ ಆಪ್ ಅಪ್‌ಡೇಟ್ ಆಗುವಾಗ ಫೋನ್ ಎಳೆದಾಡುತ್ತದೆ.

ಬರೀ ಕಾಲ್, ರೀಲ್ಸ್, ಯುಪಿಐ ಸಾಕು ಅನ್ನುವವರಿಗೆ ಇಷ್ಟೆಲ್ಲ ಯಾಕೆ? ಸುಮ್ನೆ ಬ್ಯಾಟರಿ ಎಷ್ಟು, ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿ ತಗೊಳ್ಳಿ.