ಕ್ಲೀಟಿನ ಅಡಿಯಲ್ಲಿ ಏನಿದೆ?

ನನ್ನದು 30 ಅಡಿಯ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ಮರೀನಾದಲ್ಲಿ ನಿಲ್ಲುತ್ತದೆ. ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ದಾಟಿ ಬರುವ ಪಡುವಣ ಗಾಳಿ ಇಲ್ಲಿಗೆ ನೇರ ಬಡಿಯುತ್ತದೆ, ಚಳಿಗಾಲದ ಮಳೆಗಾಳಿ ತೆಂಕಣದಿಂದ. ಕಟ್ಟಿದ ಜಾಗದಲ್ಲೇ ದೋಣಿ ಜಗ್ಗಾಡುತ್ತಿರುತ್ತದೆ. ಯಾವ ಹಗ್ಗ ಕೊಳ್ಳಬೇಕು ಅಂತ ಎಲ್ಲರೂ ಕೇಳುತ್ತಾರೆ. ಆ ಹಗ್ಗ ಸುತ್ತಲು ಡೆಕ್ಕಿಗೆ, ಅಂದರೆ ದೋಣಿಯ ಮೇಲ್ಹಾಸಿಗೆ, ಬೋಲ್ಟ್ ಹಾಕಿ ಕೂರಿಸಿದ ಎರಡು ಕೊಂಬಿನ ಗೂಟವೇ ಕ್ಲೀಟ್. ಅದರ ಅಡಿ ನೋಡುವವರು ಕಡಿಮೆ.

ಮೂತಿಯ ಎಡಗಡೆಯ ಕ್ಲೀಟಿನ ಕೆಳಗೆ, ಕ್ಯಾಬಿನ್ ಒಳಗೆ, ಕಂದು ನೀರು ಒಸರುತ್ತಿತ್ತು. ಬಿಚ್ಚಿದರೆ ನಟ್‌ಗಳಿಗೆ ಬರೀ ಸಣ್ಣ ವಾಷರ್. ಡೆಕ್ ಅಂದರೆ ಫೈಬರ್‌ಗ್ಲಾಸಿನ ಎರಡು ಪದರ, ನಡುವೆ ಬಾಲ್ಸಾ ಮರ. ಬೋಲ್ಟಿನ ತೂತಿನಿಂದ ಇಳಿದ ನೀರು ಕುಡಿದು ಆ ಮರ ಕೊಳೆತಿತ್ತು. ಬಗ್ಗಿಸಿದ ಮೊಳೆಯಲ್ಲಿ ಕೆರೆದರೆ ನೆನೆದ ಅವಲಕ್ಕಿಯ ಹಾಗೆ ಉದುರಿತು.

ಗಟ್ಟಿ ಮರ ಸಿಗುವ ತನಕ ಕೆರೆದೆ, ಚೆನ್ನಾಗಿ ಒಣಗಲು ಬಿಟ್ಟೆ. ಕೆಳಗಿಂದ ಟೇಪ್ ಅಂಟಿಸಿ, ಮೊದಲು ತೆಳು ಎಪಾಕ್ಸಿ ಅಂಟು, ಆಮೇಲೆ ಸಿಲಿಕಾ ಪುಡಿ ಬೆರೆಸಿದ ಮಂದ ಎಪಾಕ್ಸಿ ತುಂಬಿದೆ. ಅದು ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಕೊರೆದೆ. ಈಗ ಬೋಲ್ಟಿಗೂ ಮರಕ್ಕೂ ಸಂಬಂಧವೇ ಇಲ್ಲ. ತೂತಿನ ಬಾಯಿಯನ್ನು ಮೇಲ್ಗಡೆ ಸ್ವಲ್ಪ ಅಗಲ ಮಾಡಿ, ಬೋಲ್ಟಿನ ಕುತ್ತಿಗೆಗೆ ಬ್ಯೂಟೈಲ್ ಟೇಪ್, ಅಂದರೆ ನೀರು ತಡೆಯುವ ಮೆತ್ತನೆಯ ಅಂಟು ರಬ್ಬರ್ ಪಟ್ಟಿ, ಸುತ್ತಿ ಇಳಿಸಿದೆ. ಅಡಿಗೆ ಕ್ಲೀಟಿಗಿಂತ ಅಗಲವಾದ, ಕಾಲಿಂಚು ದಪ್ಪದ ಜಿ-10 ಹಲಗೆ, ಅಂದರೆ ಗಾಜಿನ ನಾರು ಮತ್ತು ಎಪಾಕ್ಸಿಯ ಗಟ್ಟಿ ಹಲಗೆ; ಸಣ್ಣ ವಾಷರ್‌ನ ಬದಲು ಇದು ಎಳೆತವನ್ನು ಅಗಲಕ್ಕೆ ಹಂಚುತ್ತದೆ.

ಬಿಗಿಯಲು ಇಬ್ಬರು ಬೇಕು. ಮೇಲೆ ಹೆಂಡತಿ ಸ್ಕ್ರೂಡ್ರೈವರಿನಿಂದ ಬೋಲ್ಟ್ ಅಲುಗದಂತೆ ಹಿಡಿದಳು, ಒಳಗೆ ಅಂಗಾತ ಮಲಗಿ ನಾನು ನಟ್ ತಿರುಗಿಸಿದೆ. ಬೋಲ್ಟೇ ತಿರುಗಿದರೆ ಟೇಪ್ ಕಿತ್ತುಕೊಂಡು ಮತ್ತೆ ಸೋರುತ್ತದೆ. "ಇನ್ನೂ ಎಷ್ಟ್ ಹೊತ್ತು ರೀ?" ಅಂತ ಮೇಲಿಂದ ಬರುತ್ತಲೇ ಇತ್ತು. ಬ್ಯೂಟೈಲ್ ನಿಧಾನಕ್ಕೆ ಹಿಂಡಿಕೊಳ್ಳುತ್ತದೆ, ಒಂದೇ ಸಲ ಬಿಗಿದರೆ ಆಗದು. ಮರುದಿನ ಮತ್ತೆ ಬಿಗಿದೆ.

ಹಗ್ಗ ಅರ್ಧ ಇಂಚಿನ ಮೂರೆಳೆಯ ನೈಲಾನ್, ಅದಕ್ಕೆ 8 ಇಂಚಿನ ಕ್ಲೀಟ್. ನೈಲಾನ್ ಹಿಗ್ಗುವುದರಿಂದ ಜಗ್ಗಿದ ಪೆಟ್ಟು ಬೋಲ್ಟಿಗೆ ಅಷ್ಟಾಗಿ ತಾಗದು. ದೂರದ ಕೊಂಬಿನ ಅಡಿಯಿಂದ ಒಂದು ಪೂರ್ತಿ ಸುತ್ತು, ಒಂದು ಎಂಟರ ಆಕಾರ, ಕೊನೆಗೊಂದು ಮಗುಚಿದ ಕುಣಿಕೆ, ಮುಗಿಯಿತು. ಕ್ಲೀಟ್ ಕಾಣದಷ್ಟು ಸುತ್ತುವವರಿದ್ದಾರೆ, ಅವಸರಕ್ಕೆ ಬಿಚ್ಚಲು ಬಾರದು.

ಹಗ್ಗ ಅಂಚಿಗೆ ಉಜ್ಜುವಲ್ಲಿ ತೊಗಲು ಹೊಲಿದಿದ್ದೇನೆ. ಪ್ಲಾಸ್ಟಿಕ್ ಪೈಪ್ ಬೇಡ, ಎಳೆತಕ್ಕೆ ನೈಲಾನ್ ಒಳಗೇ ಬಿಸಿಯಾಗುತ್ತದೆ, ಪೈಪ್ ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ.

ಹಿಂದಿನ ಎರಡು ಕ್ಲೀಟುಗಳ ಅಡಿಯಲ್ಲೂ ಅದೇ ಸಣ್ಣ ವಾಷರ್‌ಗಳಿವೆ. ತೆಂಕಣ ಗಾಳಿ ಶುರುವಾಗುವ ಮೊದಲು ಅವನ್ನೂ ಬಿಚ್ಚಬೇಕು.