ಪ್ರವಾಸೋದ್ಯಮ ನೀತಿ ಕಡತದಿಂದ ಬೀದಿಗಿಳಿಯುವುದು ಹೇಗೆ?

ದೆಹಲಿಗೆ ಪ್ರವಾಸೋದ್ಯಮ ನೀತಿ ಬರೆಯುವುದು ಹೊಸದೇನಲ್ಲ. ಮೊದಲ ರಾಷ್ಟ್ರೀಯ ನೀತಿ ಬಂದದ್ದು 1982ರಲ್ಲಿ, ಇನ್ನೊಂದು 2002ರಲ್ಲಿ. 2023ರ ಜೂನ್‌ನಲ್ಲಿ ಜಿ20 ಪ್ರವಾಸೋದ್ಯಮ ಸಚಿವರು ಗೋವಾದಲ್ಲಿ ಸೇರಿದಾಗ ಐದು ಆದ್ಯತೆಗಳು ಮುಂದೆ ಬಂದವು: ಹಸಿರು ಪ್ರವಾಸ, ಡಿಜಿಟಲ್ ವ್ಯವಸ್ಥೆ, ಕೌಶಲ, ಸಣ್ಣ ಉದ್ಯಮ, ತಾಣಗಳ ನಿರ್ವಹಣೆ. ಇದರಲ್ಲಿ ಯಾವುದನ್ನು ಬೇಡ ಅನ್ನೋಣ?

ತೊಡಕು ಶುರುವಾಗುವುದು ಆಮೇಲೆ. ಜಮೀನು, ಪೊಲೀಸ್, ಊರೊಳಗಿನ ರಸ್ತೆ ಎಲ್ಲವೂ ರಾಜ್ಯದ ಕೈಯಲ್ಲಿವೆ. ಪ್ರವಾಸಿಗರು ನೋಡಲು ಬರುವ ಜಾಗಗಳಲ್ಲಿ ಹೆಚ್ಚಿನವು ಪ್ರವಾಸೋದ್ಯಮ ಇಲಾಖೆಯವೇ ಅಲ್ಲ. ಅಂದರೆ ನೀತಿಯನ್ನು ಜಾರಿಗೆ ತರುವವರು ಬೇರೆಯವರ ಜಾಗದಲ್ಲಿ, ಬೇರೆಯವರ ಸಿಬ್ಬಂದಿಯಿಂದ ಕೆಲಸ ಮಾಡಿಸಬೇಕು. ಅದು ಹೇಗೆ ಅಂತ ಬೆಂಗಳೂರನ್ನೇ ಇಟ್ಟುಕೊಂಡು ನೋಡೋಣ.

1. ಒಂದೇ ಜಾಗ ಹಿಡಿಯಿರಿ

ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರಲ್ವಾ, ಇಲ್ಲಿ ಅದೇ ಸರಿ. ಕೇಂದ್ರದ ಸ್ವದೇಶ ದರ್ಶನ ಯೋಜನೆ 2014-15ರಲ್ಲಿ ಶುರುವಾದಾಗ ರಾಮಾಯಣ, ಬೌದ್ಧ, ಕರಾವಳಿ ಎಂದು ಹಲವು ಊರುಗಳನ್ನು ಜೋಡಿಸುವ ಉದ್ದುದ್ದ ಸರ್ಕೀಟುಗಳನ್ನು ಹಾಕಿಕೊಂಡಿತ್ತು. ಯೋಜನೆ ರೂಪಿಸುವ ಮುಂಚೆ ಕಾರ್ಯಸಾಧ್ಯತೆಯ ಅಧ್ಯಯನವನ್ನೇ ಮಾಡಿರಲಿಲ್ಲ ಎಂದು 2023ರಲ್ಲಿ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ ವರದಿ ಹೇಳಿತು. ಯೋಜನೆಯ ಎರಡನೇ ಆವೃತ್ತಿ ಸರ್ಕೀಟು ಬಿಟ್ಟು ಒಂದೊಂದು ತಾಣವನ್ನು ಆರಿಸುವ ದಾರಿ ಹಿಡಿದಿದೆ. ಕರ್ನಾಟಕದಿಂದ ಹಂಪಿ, ಮೈಸೂರು ಆಯ್ಕೆಯಾಗಿವೆ.

ಬೆಂಗಳೂರಲ್ಲಿ ಒಂದು ಜಾಗ ಆರಿಸಿ ಎಂದರೆ ನಾನು ಕೋಟೆ ಮತ್ತು ಕೆ.ಆರ್. ಮಾರುಕಟ್ಟೆಯ ಸುತ್ತಮುತ್ತ ಅನ್ನುತ್ತೇನೆ. ಲಾಲ್‌ಬಾಗ್‌ಗೆ ಜನ ಹೇಗಿದ್ದರೂ ಹೋಗುತ್ತಾರೆ.

2. ಬಾಗಿಲ ಬೀಗ ಯಾರ ಕೈಯಲ್ಲಿದೆ, ಪಟ್ಟಿ ಮಾಡಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಎಲ್ಲರೂ ಬೇಗ ಮುಗಿಸಿಬಿಡುವ ಹಂತವೂ ಇದೇ.

ಮೆಟ್ರೊ ಹಸಿರು ಮಾರ್ಗದಲ್ಲಿ ಬಂದು ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಯ ಜೊತೆ ಸುಮ್ನೆ ನಡೆದು ನೋಡಿ. ನಿಲ್ದಾಣ ಮೆಟ್ರೊ ನಿಗಮವಾದ ಬಿಎಂಆರ್‌ಸಿಎಲ್‌ನದು. ಹೊರಗೆ ಕಾಲಿಟ್ಟರೆ ಫುಟ್‌ಪಾತ್ ನಗರ ಪಾಲಿಕೆಯದು. ಬಸ್ ಬಿಎಂಟಿಸಿಯದು, ವಾಹನಗಳನ್ನು ನಿಯಂತ್ರಿಸುವವರು ಸಂಚಾರ ಪೊಲೀಸರು. ಕೋಟೆಯಲ್ಲಿ ಈಗ ಉಳಿದಿರುವ ಭಾಗ ಭಾರತೀಯ ಪುರಾತತ್ವ ಸರ್ವೇಕ್ಷಣೆಯದು. 1791ರಲ್ಲಿ ಪೂರ್ತಿಯಾದ ಟಿಪ್ಪುವಿನ ಬೇಸಿಗೆ ಅರಮನೆಯೂ ಅವರದೇ. ಅರಮನೆಯ ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನಕ್ಕೆ ಬಂದರೆ ಮುಜರಾಯಿ ಇಲಾಖೆ. ನಡೆದದ್ದು ಸ್ವಲ್ಪವೇ ದೂರ, ದಾಟಿದ್ದು ಅರ್ಧ ಡಜನ್ ಕಚೇರಿ!

2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಹಾಗಾಗಿ ಹಳೇ ಪಟ್ಟಿ ಇದ್ದರೆ ಅದನ್ನು ಬಿಟ್ಟು ಹೊಸದು ಮಾಡಿ.

ಪಟ್ಟಿಯಲ್ಲಿ ಇಲಾಖೆಯ ಹೆಸರು ಬರೆದರೆ ಸಾಲದು. ಶೌಚಾಲಯದ ಕೀಲಿ, ದಾರಿ ತೋರಿಸುವ ಫಲಕ, ಬೀದಿದೀಪ, ಕಸ, ಟಿಕೆಟ್ ಕೌಂಟರ್ ಪ್ರತಿಯೊಂದರ ಮುಂದೆಯೂ ಒಬ್ಬ ಅಧಿಕಾರಿಯ ಹುದ್ದೆ ಇರಬೇಕು. ಹೆಸರು ಬೇಡ, ಹುದ್ದೆಯೇ ಸರಿ. ವರ್ಗಾವಣೆ ಆದರೂ ಹುದ್ದೆ ಅಲ್ಲೇ ಇರುತ್ತದೆ. ಏಷ್ಯಾದಲ್ಲೇ ಬಹಳ ಬೇಗ, 1905ರಲ್ಲಿ, ಬೀದಿಗೆ ವಿದ್ಯುತ್ ದೀಪ ಹಾಕಿಸಿಕೊಂಡ ಊರು ನಮ್ಮದು. ಈಗ ಒಂದು ದೀಪ ಕೆಟ್ಟರೆ ಯಾರಿಗೆ ಹೇಳಬೇಕು ಅಂತ ಹುಡುಕುವ ಹಾಗಿರಬಾರದು.

ಆಮೇಲೆ ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸಿ. ಸಭೆ ಕರೆಯುವ ಅಧಿಕಾರ ಪ್ರವಾಸೋದ್ಯಮ ಇಲಾಖೆಯ ಕಿರಿಯ ಅಧಿಕಾರಿಗೆ ಕೊಟ್ಟರೆ ಬೇರೆ ಇಲಾಖೆಯವರು ತಮ್ಮ ಸಹಾಯಕರನ್ನು ಕಳಿಸುತ್ತಾರೆ. ಜಿಲ್ಲಾಧಿಕಾರಿ ಅಥವಾ ಪಾಲಿಕೆ ಆಯುಕ್ತರೇ ಕರೆಯಲಿ.

3. ಕಟ್ಟುವ ಮುಂಚೆ ನಡೆಸುವ ದುಡ್ಡು ಹುಡುಕಿ

ಹಂಪಿಯ ಪಾಠ ನೆನಪಿರಲಿ. ಅನುಕೂಲಕ್ಕೆಂದು ಸೇತುವೆ ಕಟ್ಟಲು ಹೋಗಿ 1999ರಲ್ಲಿ ಹಂಪಿಯ ಹೆಸರು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಯುನೆಸ್ಕೊ ಪಟ್ಟಿ ಸೇರಿತು. ಅದರಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ಕಟ್ಟಿದ್ದೆಲ್ಲ ಅಭಿವೃದ್ಧಿ ಅಲ್ಲ.

ಕೇಂದ್ರದಿಂದ ಕಟ್ಟಡಕ್ಕೆ ದುಡ್ಡು ಬರುತ್ತದೆ. ಅದನ್ನು ಗುಡಿಸಿ, ಬಣ್ಣ ಬಳಿದು, ಕಾವಲು ಇಡುವ ಖರ್ಚು ರಾಜ್ಯದ್ದು, ಊರಿನದು. ಮಾಹಿತಿ ಕೇಂದ್ರ ಉದ್ಘಾಟನೆಯ ಮಾರನೇ ವರ್ಷ ಬೀಗ ಬೀಳುವುದು ಇದರಿಂದಲೇ. ಕೆಲಸದ ಅಂದಾಜು ಪಟ್ಟಿಯಲ್ಲಿ ಐದು ವರ್ಷದ ನಿರ್ವಹಣೆಯ ವೆಚ್ಚವನ್ನೂ, ಅದು ಯಾವ ಲೆಕ್ಕದಿಂದ ಬರುತ್ತದೆ ಎಂಬುದನ್ನೂ ಬರೆಸಿ. ಬರೆಯಲು ಆಗದಿದ್ದರೆ ಆ ಕಟ್ಟಡ ಬೇಡ. ನೆರಳು, ಕೂರಲು ಬೆಂಚು, ಶುದ್ಧ ಶೌಚಾಲಯ ಇಷ್ಟಿದ್ದರೂ ಪ್ರವಾಸಿ ಒಂದು ಗಂಟೆ ಜಾಸ್ತಿ ನಿಲ್ಲುತ್ತಾನೆ.

4. ಎಷ್ಟು ಜನ ಸಾಕು ಎಂದು ಮೊದಲೇ ಹೇಳಿ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ನುಗ್ಗಿದರು. ಅರಣ್ಯ ಇಲಾಖೆ ಮೊದಲು ಚಾರಣ ನಿಲ್ಲಿಸಿತು, ಆಮೇಲೆ ಆನ್‌ಲೈನ್ ಬುಕಿಂಗ್ ತಂದಿತು. ಕೆಲಸ ಸರಿಯೇ, ಆದರೆ ಜನ ನುಗ್ಗುವ ಮುಂಚೆ ಆಗಬೇಕಿತ್ತು. ವಾರಾಂತ್ಯದಲ್ಲಿ ನಂದಿ ಬೆಟ್ಟದ ರಸ್ತೆ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಹೊಸ ತಾಣವನ್ನು ಪರಿಚಯಿಸುವ ದಿನವೇ ಮಿತಿಯನ್ನೂ ಘೋಷಿಸಿ.

5. ದುಡ್ಡು ಪಕ್ಕದ ಬೀದಿಗೂ ಹೋಗಲಿ

ಇದಕ್ಕೆ ಒಳ್ಳೆಯ ಉದಾಹರಣೆ ನೆರೆಯ ಕೇರಳದ ಕುಮರಕಂ. 2008ರಲ್ಲಿ ಅಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮ ಶುರುವಾದಾಗ ಪಂಚಾಯಿತಿ, ಹೋಟೆಲ್‌ಗಳು, ಕುಟುಂಬಶ್ರೀ ಮಹಿಳಾ ಗುಂಪುಗಳು ಒಟ್ಟಿಗೆ ಕೂತವು. ಹೋಟೆಲ್‌ಗೆ ಬೇಕಾದ ತರಕಾರಿಯನ್ನು ಊರಿನ ಹೆಂಗಸರೇ ಬೆಳೆದು ಕೊಟ್ಟರು. ಬಳಿಕ 2017ರಲ್ಲಿ ರಾಜ್ಯವೇ ಇದಕ್ಕಾಗಿ ಒಂದು ಮಿಷನ್ ಮಾಡಿತು. ಕೆಲವೇ ಊರುಗಳಲ್ಲಿ ನಡೆಸಿ ನೋಡಿ ಆಮೇಲೆ ಹರಡಿದ್ದು ಜಾಣತನ.

ನಮ್ಮ ಪೇಟೆಯಲ್ಲೂ ಇದು ಆಗುತ್ತದೆ. ಚಿಕ್ಕಪೇಟೆಯ ಸೀರೆ ಅಂಗಡಿಯವರು, ಹೂವಿನ ವ್ಯಾಪಾರಿಗಳು, ಹಳೇ ದರ್ಶಿನಿಗಳು ಸಭೆಯಲ್ಲಿ ಇರಲಿ. ಬೆಳಗಿನ ಜಾವದ ಹೂವಿನ ಮಾರುಕಟ್ಟೆಯ ಕತೆ ಹೇಳಲು ಅಲ್ಲೇ ಬೆಳೆದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಪರವಾನಗಿ ಕೊಡಿ. ಇಲ್ಲದಿದ್ದರೆ ಪ್ರವಾಸಿ ಕ್ಯಾಮೆರಾ ಹಿಡಿದು ವ್ಯಾಪಾರಿಗೆ ಅಡ್ಡ ನಿಲ್ಲುತ್ತಾನೆ, ಒಂದು ಮೊಳ ಹೂವೂ ಕೊಳ್ಳುವುದಿಲ್ಲ.

6. ತಲೆ ಎಣಿಸಬೇಡಿ, ರಾತ್ರಿ ಎಣಿಸಿ

ಒಬ್ಬ ಮೂರು ತಾಣ ನೋಡಿದರೆ ಮೂರು ಭೇಟಿ ಎಂದು ಲೆಕ್ಕವಾಗುತ್ತದೆ. ದೊಡ್ಡ ಅಂಕಿ ಕೇಳಲು ಚೆಂದ, ಊರಿಗೆ ಏನು ಸಿಕ್ಕಿತು ಎಂದು ಅದು ಹೇಳುವುದಿಲ್ಲ. ಬೆಂಗಳೂರಿನ ಸಂಕಟವೇ ಬೇರೆ: ವಿಮಾನ ಇಳಿದವರು ಮೈಸೂರು, ಕೊಡಗಿನ ಕಡೆ ಹೊರಟುಬಿಡುತ್ತಾರೆ. ಅವರು ಇಲ್ಲಿ ಇನ್ನೊಂದು ರಾತ್ರಿ ಉಳಿದರಾ ಎಂಬುದನ್ನು ಹೋಟೆಲ್‌ಗಳಿಂದ ಪ್ರತಿ ತಿಂಗಳು ಕೇಳಿ. ಎರಡನೇ ಹಂತದಲ್ಲಿ ಮಾಡಿದ ಪಟ್ಟಿಯ ಕೆಲಸಗಳ ಬಗ್ಗೆ ಎಷ್ಟು ದೂರು ಬಂತು, ಎಷ್ಟು ದಿನಕ್ಕೆ ಸರಿಹೋಯಿತು ಎಂಬುದನ್ನೂ ಜೊತೆಗೇ ಪ್ರಕಟಿಸಿ.

ಜಾಹೀರಾತು, ಲೋಗೊ, ರೀಲ್ಸ್ ಎಲ್ಲ ಇಷ್ಟಾದ ಮೇಲೆ. ಶೌಚಾಲಯದ ಕೀಲಿ ಯಾರ ಹತ್ತಿರ ಇದೆ ಅಂತ ಗೊತ್ತಾಗುವವರೆಗೂ ಪ್ರಚಾರದ ಬಿಲ್ಲಿಗೆ ಸಹಿ ಹಾಕಬೇಡಿ.